ತೊಟ್ಟಿಲಿಗಲ್ಲದ ಸರಪಳಿ

ನನ್ನ ಗಂಡ ಅದನ್ನು ಮೊದಲ ಸಲ ಕೇಳಿದಾಗ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಮದುವೆಯಾಗಿ ಮೂರು ವರ್ಷವಾಗಿತ್ತು. ಅವರು ಬೈಲಹೊಂಗಲದ ಒಂದು ಕಚೇರಿಯಲ್ಲಿ ಕಾರಕೂನರು. ಹೆಂಡತಿಯ ಮುಂದೆ ಟೊಪ್ಪಿಗೆ ತೆಗೆಯಲೂ ಸಂಕೋಚಪಡುವ ಮನುಷ್ಯ. ಅಂಥವರು ಒಂದು ಮಧ್ಯಾಹ್ನ ಗೋಡೆಯ ಕಡೆ ಮುಖ ಮಾಡಿ, "ತವರಾಗ ಎತ್ತು ಕಟ್ಟತಿದ್ದೆಲ್ಲ, ಹಂಗ ನನ್ನ ಕೈ ಕಟ್ತೀಯೇನು?" ಎಂದರು. ನಾನು ಎಂ.ಕೆ. ಹುಬ್ಬಳ್ಳಿಯ ಒಕ್ಕಲುತನದ ಮನೆಯವಳು. ನನ್ನ ತವರನ್ನು ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಮತ್ತೆ ಕೇಳಿದರು. ಮದುವೆಯಾದಂದಿನಿಂದ ಅವರ ಮನಸ್ಸಿನಲ್ಲಿ ಅದೇ ಇತ್ತಂತೆ: ನಾನು ಕಟ್ಟಬೇಕು, ಕೂಡು ಎಂದರೆ ಅವರು ಕೂಡಬೇಕು, ಬಿಡು ಎನ್ನುವತನಕ ಏಳಬಾರದು.

ಕಟ್ಟಿದೆ. ನನಗೂ ಹಿಡಿಸಿತು. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟುಕೊಂಡು ನಾನು ಎಲ್ಲಿಗೆ ಒಯ್ಯಲಿ? ದಿನವಿಡೀ ತಲೆತಗ್ಗಿಸಿ ಓಡಾಡುತ್ತಿದ್ದ ಮನೆಯಲ್ಲಿ ಒಂದು ತಾಸು ನಾನು ಹೇಳಿದ್ದು ನಡೆಯುತ್ತಿತ್ತು. ಆದರೆ ಗಂಡನನ್ನು ಏಕವಚನದಲ್ಲಿ ಗದರಲು ಬಾಯಿ ಬರಲೇ ಇಲ್ಲ. "ಕೈ ಮುಂದ ಮಾಡ್ರಿ, ಅಳ್ಳಾಡಬ್ಯಾಡ್ರಿ" ಎಂದೇ ಹುಕುಂ ಮಾಡುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು.

ನಮಗೆ ಮನೆ ಬರಿದಾಗಿ ಸಿಗುತ್ತಿದ್ದುದು ಹುಣ್ಣಿಮೆಗೊಮ್ಮೆ ಮಾತ್ರ. ಅತ್ತೆ ಅಂದು ಬೆಳಗಿನ ಮೋಟಾರಿಗೆ ಸವದತ್ತಿಗೆ ಹೋಗಿ, ಉಗರಗೋಳದ ಹಾದಿ ಹಿಡಿದು ಎಲ್ಲಮ್ಮನ ಗುಡ್ಡ ಏರಿ, ಸಂಜೆ ತಿರುಗಿ ಬರುವರು. ಗಂಡ ಊಟದ ಬಿಡುವಿಗೆಂದು ಕಚೇರಿಯಿಂದ ಬರುವರು. ನಾನು ಮುಂಬಾಗಿಲ ಅಗಳಿ ಹಾಕಿ, ಮತ್ತೆ ಹೋಗಿ ಹಾಕಿದೆನೋ ಇಲ್ಲವೋ ನೋಡಿ, ಇನ್ನೊಮ್ಮೆ ಹೋಗಿ ನೋಡುತ್ತಿದ್ದೆ.

ಒಂದು ಹುಣ್ಣಿಮೆಗೆ ಮೋಟಾರು ಹಾದಿಯಲ್ಲೇ ಕೆಟ್ಟು ನಿಂತು, ಅತ್ತೆ ಗುಡ್ಡ ಕಾಣದೆ ನಡುಮಧ್ಯಾಹ್ನಕ್ಕೇ ಬಂದು ಬಾಗಿಲು ಬಡಿದರು. ಕಟ್ಟಿದ್ದು ಪುಂಡಿನಾರಿನ ಹಗ್ಗ. ಗಾಬರಿಯಲ್ಲಿ ಇವರು ಜಗ್ಗಿದರು, ಗಂಟು ಕಲ್ಲಾಯಿತು. ನನ್ನ ಉಗುರು ಕಿತ್ತವೇ ಹೊರತು ಅದು ಸಡಿಲಲಿಲ್ಲ. ಅಡುಗೆಮನೆಯ ಈಳಿಗೆಯ ಮೇಲೆ ಅವರ ಎರಡೂ ಕೈ ಹಿಡಿದು ಹಗ್ಗವನ್ನು ತೇಯ್ದೆ. ಈಳಿಗೆಯ ಅಲಗಿಗೂ ಮಣಿಕಟ್ಟಿನ ನರಕ್ಕೂ ನಡುವೆ ಒಂದು ಬೆರಳಿನಷ್ಟು ಜಾಗ. ಹೊರಗೆ ಅತ್ತೆ, "ಏನ ಮಾಡಾಕತ್ತೀರಿ ಒಳಗ?" ಎನ್ನುತ್ತಿದ್ದರು. ಬಾಗಿಲು ತೆಗೆದ ಮೇಲೆ ಮಣಿಕಟ್ಟಿನ ಕೆಂಪು ಬರೆ ಕಂಡು ಅತ್ತೆ ಕೇಳಿದಾಗ ಇವರು, ಬಾವಿಯ ಹಗ್ಗ ತಾಗಿತು ಎಂದುಬಿಟ್ಟರು. ಒಂದು ದಿನವೂ ನೀರು ಸೇದಿದವರಲ್ಲ. ಅತ್ತೆ ಮಗನ ಕೈ ನೋಡಿದರು, ನನ್ನ ಮುಖ ನೋಡಿದರು, ಕಾಲು ತೊಳೆಯಲು ಹೋದರು.

ಅಂದೇ ಹೇಳಿದೆ, ಇನ್ನು ಹಗ್ಗ ಮುಟ್ಟುವುದಿಲ್ಲ ಎಂದು. ಕಣ್ಣುಮುಚ್ಚಿ ತೆಗೆಯುವುದರಲ್ಲಿ ಬಿಚ್ಚುವಂಥದ್ದು ಬೇಕು, ಗುರುತು ಉಳಿಯಬಾರದು. ಅಂಥದ್ದು ಯಾವ ಅಂಗಡಿಯಲ್ಲೂ ಇರಲಿಲ್ಲ, ಇದ್ದರೂ ಏನೆಂದು ಕೇಳುವುದು? ನಾನೇ ಲೆಕ್ಕ ಹಾಕಿದೆ. ಕರುವಿನ ಕೊರಳಿಗೆ ಹಾಕುವ ಚರ್ಮದ ಪಟ್ಟಿಗೆ ಎಳೆದರೆ ಬಿಚ್ಚಿಕೊಳ್ಳುವ ಬಕ್ಕಲು ಇರುತ್ತದೆ. ಅದನ್ನು ಗಿಡ್ಡ ಮಾಡಿದರೆ ಮಣಿಕಟ್ಟಿಗೆ ಆಗುತ್ತದೆ. ಜೊತೆಗೆ ಒಂದೆರಡು ಹಿತ್ತಾಳೆಯ ಉಂಗುರ, ಮಂಚದ ಕಾಲಿಗೆ ಸಿಕ್ಕಿಸಲು ಕೊಂಡಿಯಿರುವ ತುಂಡು ಸರಪಳಿ. ಬೈಲಹೊಂಗಲದ ಪೇಟೆಯಲ್ಲಿ ಕೊಳ್ಳುವ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಕರುವಿಲ್ಲ ಎನ್ನುವುದು ಓಣಿಗೆಲ್ಲ ಗೊತ್ತು.

ರಾಮದುರ್ಗದ ಬಳಗದವರ ಮನೆಯಲ್ಲಿ ಒಂದು ಕೂಸಿನ ಜವಳ ಇತ್ತು. ಅತ್ತೆಗೆ ಮೊಳಕಾಲು ನೋವು, ಗುಡ್ಡವೊಂದು ಬಿಟ್ಟು ಬೇರೆಲ್ಲಿಗೂ ಹೋಗರು, ನಾವಿಬ್ಬರೇ ಹೋದೆವು. ಬರುವಾಗ ಸವದತ್ತಿಯಲ್ಲಿ ಮೋಟಾರಿಗೆ ಕಾಯಬೇಕಾಗಿತ್ತು. ಅಲ್ಲಿಯೇ ಒಂದು ಕಬ್ಬಿಣ ಸಾಮಾನಿನ ಅಂಗಡಿ. ಇವರು ಬೆವರು ಒರೆಸಿಕೊಳ್ಳುತ್ತ ಒಂದೊಂದೇ ಕೇಳಿದರು. ಅಂಗಡಿಯವನು ಪಟ್ಟಿ ಕೊಟ್ಟ, ಉಂಗುರ ಕೊಟ್ಟ. ಸರಪಳಿ ಅಳೆಯುವಾಗ ಮಾತ್ರ ನನ್ನತ್ತ ನೋಡಿ, "ತೊಟ್ಟಲಕ್ಕೇನ್ರಿ?" ಎಂದ.

ಅಲ್ಲ ಎನ್ನಬೇಕಿತ್ತು. ಬಾವಿಗೆ, ಬಾಗಿಲಿಗೆ, ಏನಾದರೂ ಹೇಳಬಹುದಿತ್ತು. ನನ್ನ ಗಂಡ ಗಾಬರಿಯಲ್ಲಿ "ಹೂಂ" ಎಂದರು.

"ಮನ್ಯಾಗ ಕರಾನೂ ಐತಿ, ಕೂಸೂ ಬರತೈತಿ. ಚಲೋ ಆತು ಬಿಡ್ರಿ. ಯಾವೂರ್ರಿ ನಿಮ್ದು?"

ಒಂದು ಸುಳ್ಳು ಹೇಳಿದ ಮೇಲೆ ಇನ್ನೊಂದು ಹೇಳಲು ಇವರಿಗೆ ಬರುವುದಿಲ್ಲ. ಊರು ಹೇಳಿದರು, ಮನೆತನ ಹೇಳಿದರು. ಅಂಗಡಿಯವನ ಮುಖ ಅರಳಿತು. "ಅವ್ವಾರ ಮಗಾ ಏನ್ರಿ ನೀವು? ಹುಣ್ಣಿವಿಗೊಮ್ಮೆ ಇದೇ ಕಟ್ಟಿ ಮ್ಯಾಲ ಕುಂತು ನೀರು ಕುಡದ ಗುಡ್ಡಕ್ಕ ಹೋಗ್ತಾರ್ರಿ. ಈ ಸಲ ಅವರ ಕಡೆ ಪೇಢೆ ತಿನ್ನೂದ ನಾ."

ಹುಣ್ಣಿಮೆಗೆ ಎಂಟು ದಿನ ಉಳಿದಿತ್ತು.

ಆ ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಅದನ್ನೂ ಅತ್ತೆ ಗಮನಿಸಿದರು, ಅದೂ ಆಮೇಲೆ ಬಸುರಿನ ಲಕ್ಷಣವೆಂದೇ ಲೆಕ್ಕವಾಯಿತು. "ಅವಂಗ ಎಲ್ಲೆ ನೆನಪ ಉಳೀತೈತಿ, ದಿನಾ ನೂರು ಮಂದಿ ಬರತಾರ" ಎಂದು ಇವರು ಸಮಾಧಾನ ಹೇಳುತ್ತಿದ್ದರು. ಹೇಳುವಾಗ ತಾವೇ ಉಗುರು ಕಚ್ಚುತ್ತಿದ್ದರು. ನಾನು ಅತ್ತೆ ಮಲಗಿದ ಮಧ್ಯಾಹ್ನಗಳಲ್ಲಿ ಕೋಣೆಯಲ್ಲಿ ಕುಳಿತು ಪಟ್ಟಿ ಹೊಲಿದೆ. ಕೈ ಸುಮ್ಮನಿದ್ದರೆ ತಲೆ ಓಡುತ್ತಿತ್ತು. ಪಟ್ಟಿಯನ್ನು ಕತ್ತರಿಸಿ, ಕಾಯಿಸಿದ ಮೊಳೆಯಿಂದ ತೂತು ಹಾಕಿ, ಒಳಮೈಗೆ ಹಳೆಯ ಕಂಬಳಿಯ ತುಂಡು ಇಟ್ಟು ದಬ್ಬಣದಿಂದ ಹೊಲಿದೆ. ಉಂಗುರಗಳ ಬೆಸುಗೆ ಚುಚ್ಚುತ್ತಿತ್ತು, ಒರಳುಕಲ್ಲಿಗೆ ತಿಕ್ಕಿ ನುಣುಪು ಮಾಡಿದೆ. ಮೊದಲು ನನ್ನ ಕೈಗೇ ಹಾಕಿ ನೋಡಿದೆ. ಎತ್ತಿನ ಕೊರಳಪಟ್ಟಿಯೊಳಗೆ ಎರಡು ಬೆರಳು ಆಡಬೇಕು ಎಂದು ಅಪ್ಪ ಕಲಿಸಿದ್ದ. ಅದೇ ಅಳತೆ ಇಟ್ಟೆ.

ನಮ್ಮಿಬ್ಬರ ನಡುವೆ ಒಂದು ಮಾತೂ ಗಟ್ಟಿಯಾಯಿತು. ಅವರು "ಸಾಕು" ಎಂದರೆ ಸಾಕು. ಯಾಕೆ, ಏನು ಎಂದು ಕೇಳುವಂತಿಲ್ಲ, ಬಿಚ್ಚಬೇಕು.

ಹುಣ್ಣಿಮೆಯ ದಿನ ಆ ಪಟ್ಟಿಗಳನ್ನು ಪೆಟ್ಟಿಗೆಯಿಂದ ತೆಗೆಯಲೂ ಇಲ್ಲ. ಗಂಡ ಊಟಕ್ಕೆ ಬಂದು ಮೊಸರನ್ನ ಕಲಸಿ ಹಾಗೆಯೇ ಬಿಟ್ಟು ಹೋದರು. ಸಂಜೆ ಅತ್ತೆ ಬಂದರು. ಮೊಳಕಾಲು ನೋವಿನವರು ಹೊಸ್ತಿಲನ್ನು ಸರಕ್ಕನೆ ದಾಟಿದರು. ಸೆರಗಿನಲ್ಲಿ ಹಸಿರು ಬಳೆ. ನನ್ನ ಕೈಗೆ ತಾವೇ ಏರಿಸುತ್ತ, "ಎರಡ ತಿಂಗಳಿಂದ ನೋಡಾಕತ್ತಿದ್ದೆ. ಬಾಯಿ ಬಿಟ್ಟು ಕೇಳಿದ್ರ ದೃಷ್ಟಿ ಆದೀತಂತ ಸುಮ್ನಿದ್ದೆ" ಎಂದರು.

ನನಗೆ ಮೊದಲಿನಿಂದಲೂ ತಿಂಗಳು ತಪ್ಪುತ್ತಿತ್ತು. ಒಮ್ಮೊಮ್ಮೆ ಎರಡು ತಿಂಗಳಾಗುವುದು, ಆಮೇಲೆ ಬರುವುದು. ನನಗೆ ಅದು ರೂಢಿ. ಅತ್ತೆ ಪ್ರತಿ ಸಲವೂ ಹೀಗೆ ಬಾಯಿ ಕಟ್ಟಿಕೊಂಡು ಎಣಿಸುತ್ತಿದ್ದರು ಎನ್ನುವುದು ಅಂದೇ ಗೊತ್ತಾದದ್ದು. ಹೇಳಬೇಕೆಂದು ಬಾಯಿ ತೆರೆದೆ, ಅವರ ಮುಖ ನೋಡಿ ಮುಚ್ಚಿದೆ. ಹೇಡಿತನ ಅಲ್ಲದೆ ಇನ್ನೇನು.

ಮರುದಿನದಿಂದ ಕೊಡ ಎತ್ತಗೊಡಲಿಲ್ಲ. ರೊಟ್ಟಿ ತಾವೇ ಬಡಿದರು. ಅಟ್ಟದಿಂದ ಮಗನ ತೊಟ್ಟಿಲು ಇಳಿಸಿ, ಬಿಸಿಲಿಗಿಟ್ಟು ಎಣ್ಣೆ ಹಚ್ಚಿದರು. "ಸವದತ್ತಿ ಸರಪಳಿ ಎಲ್ಲೈತಿ, ಕೊಡು. ಅದಕ್ಕೂ ಎಣ್ಣಿ ಹಚ್ಚೂನು" ಎಂದರು. ಮಂಚದ ಕೆಳಗಿನ ಪೆಟ್ಟಿಗೆಯಿಂದ ಪಟ್ಟಿಗಳನ್ನು ಬೇರ್ಪಡಿಸಿ ಸರಪಳಿಯನ್ನಷ್ಟೇ ತಂದುಕೊಟ್ಟೆ.

ಐದನೆಯ ದಿನ ನಡು ಹಿಡಿದುಕೊಂಡಿತು. ನನಗೆ ಗೊತ್ತಿದ್ದ ನೋವು. ನಾಳೆಯೋ ನಾಡಿದ್ದೋ ನಾನು ಹೊರಗಾಗುತ್ತೇನೆ. ಆ ಮನೆಯಲ್ಲಿ ಮೂರು ದಿನ ಹಿತ್ತಲ ಪಡಸಾಲೆಯಲ್ಲಿ ಬೇರೆ ಕೂಡುವ ಪದ್ಧತಿ. ಮುಚ್ಚಿಡುವ ದಾರಿಯೇ ಇಲ್ಲ. ಗಂಡನಿಗೆ ಹೇಳಿದೆ. ಅವರು, "ಹಂಗಾರ ಬಸಿರು ಇಳಿದು ಹೋತು ಅಂತ ಅವ್ವ ತಿಳ್ಕೋತಾಳ. ಯಾರ ತಪ್ಪೂ ಅಲ್ಲ ಅದು" ಎಂದರು.

"ಇರಲಾರದ ಕೂಸಿಗೆ ಅವ್ವನ ಕಡೆ ಅಳಸ್ತೀರೇನು?" ಎಂದೆ. ನಮ್ಮ ಸುಖಕ್ಕಾಗಿ ತಂದ ಒಂದು ತುಂಡು ಕಬ್ಬಿಣ ಆ ಮುದುಕಿಯ ಎದೆಯಲ್ಲಿ ಒಂದು ಮಗುವನ್ನು ಹುಟ್ಟಿಸಿಬಿಟ್ಟಿತ್ತು, ಈಗ ಸಾಯಿಸುವುದನ್ನೂ ಅದಕ್ಕೇ ಬಿಡುವುದು ನನ್ನಿಂದಾಗಲಿಲ್ಲ.

ಇವರು ಕಚೇರಿಗೆ ಹೋದ ಮೇಲೆ ನಡುಮನೆಗೆ ಬಂದೆ. ಅತ್ತೆ ಕಂಬಕ್ಕೆ ಒರಗಿ ಕೂಸಿಗೆಂದು ಕುಂಚಿಗೆ ಹೊಲಿಯುತ್ತಿದ್ದರು.

"ಅತ್ತಿ, ಕೂಸಿಲ್ರಿ. ಇದ್ದೇ ಇಲ್ಲ. ಅಂಗಡಿಯಾಂವ ಕೇಳಿದಾಗ ಅವರು ಹೂಂ ಅಂದ್ರು, ಅಷ್ಟ."

ಸೂಜಿ ಬಟ್ಟೆಯಲ್ಲಿ ಹಾಗೇ ನಿಂತಿತು. "ಮತ್ತ ಸರಪಳಿ ಯಾಕ?" ಎಂದರು.

ಬಾವಿಗೆ ಎನ್ನಬಹುದಿತ್ತು. ಸುಳ್ಳು ಸಾಕಾಗಿತ್ತು. "ಅವರ ಕೈ ಕಟ್ಟಾಕ್ರಿ" ಎಂದೆ. ಹೇಳಿ ನೆಲ ನೋಡುತ್ತ ನಿಂತೆ. ಇಂದೇ ನನ್ನನ್ನು ತವರಿಗೆ ಅಟ್ಟುತ್ತಾರೆ ಎಂದುಕೊಂಡೆ.

"ಅವನೇ ಕೇಳಿದ್ನೇನು?"

"ಹೌದ್ರಿ."

"ನೋವಾಗತೈತಿ?"

"ಇಲ್ರಿ. ಕಂಬಳಿ ಹಚ್ಚೇನಿ."

"ಸಾಕು ಅಂದ್ರ?"

"ಬಿಚ್ಚತೇನ್ರಿ."

"ಆ ಕ್ಷಣಕ್ಕ?"

"ಆ ಕ್ಷಣಕ್ಕರಿ."

ಅತ್ತೆ ಕುಂಚಿಗೆಯನ್ನು ಮಡಿಚಿ ಪಕ್ಕಕ್ಕಿಟ್ಟರು. ಅಂಗೈಯಿಂದ ಬೆನ್ನ ಹಿಂದಿನ ಕಂಬವನ್ನು ಮುಟ್ಟಿದರು. "ನಿಮ್ಮ ಮಾವ ನನ್ನ ಇದಕ್ಕ ಕಟ್ಟತಿದ್ರು" ಎಂದರು. "ನಾ ಕೇಳಿದ್ದಿಲ್ಲ. ಸಾಕು ಅಂದ್ರೂ ಬಿಚ್ಚತಿದ್ದಿಲ್ಲ."

ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಕಂಬವನ್ನು ನಾನು ದಿನಾ ಒರೆಸಿದ್ದೆ. ಅತ್ತೆ, "ತೊಗೊಂಡ ಬಾ, ನೋಡೂನು" ಎಂದರು.

ಪಟ್ಟಿ ತಂದುಕೊಟ್ಟೆ. ಹೆಬ್ಬೆರಳಿನಿಂದ ಕಂಬಳಿಯನ್ನು ಸವರಿದರು. ಹೊಲಿಗೆ ಎಳೆದು ನೋಡಿದರು. ಆಮೇಲೆ ತಮ್ಮ ಎಡಗೈ ಮಣಿಕಟ್ಟಿಗೆ ಸುತ್ತಿ ನನ್ನತ್ತ ಚಾಚಿದರು, ನಾನು ಬಕ್ಕಲು ಹಾಕಿದೆ. ಕೈ ಅಷ್ಟು ಸಣ್ಣಗಿತ್ತು, ಕೊನೆಯ ತೂತಿಗೂ ಸಡಿಲವಾಯಿತು. ಅತ್ತೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತರು. ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ, "ಸಾಕು" ಎಂದರು.

ನಾನು ಬಿಚ್ಚಿದೆ.