ಹಸಿ ಸೊಪ್ಪಿನ ನೀರು

ರಾಮನಾಥಪುರದ ಬೆಟ್ಟಮ್ಮ ಹೊಗೆಸೊಪ್ಪಿನ ಹೊಲಗಳಲ್ಲೇ ಆಯುಸ್ಸು ಸವೆಸಿದವಳು. ಅವಳ ಬಾಯಿಗೆ ಹೆದರದ ಮೇಸ್ತ್ರಿ ಆ ಸುತ್ತಿನಲ್ಲಿ ಇರಲಿಲ್ಲ. ಅಂಥವಳಿಗೂ ಒಂದು ಕೊರಗು: ಮಗನ ಮದುವೆಯಾಗಿ ನಾಲ್ಕು ವರ್ಷವಾದರೂ ಸೊಸೆ ಶಾಂತಕುಮಾರಿಯ ಮಡಿಲು ತುಂಬಿರಲಿಲ್ಲ.

ತೊಂಬತ್ತೆಂಟರ ಶ್ರಾವಣದಲ್ಲಿ ಸೊಸೆ ಮೊದಲ ಸಲ ಸೊಪ್ಪು ಮುರಿಯಲು ಬಂದಳು. ಸೋನೆ ಮಳೆ. ಮುರಿದ ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಸಾಲು ಮುಗಿಸುವಷ್ಟರಲ್ಲಿ ಮೈಯೆಲ್ಲ ತೊಪ್ಪೆಯಾಗಿತ್ತು. ಬದುವಿನ ಮೇಲೆ ಕುಕ್ಕರಿಸಿ ವಾಂತಿ ಮಾಡಿದಳು.

"ಬೆಟ್ಟಕ್ಕಾ, ಇನ್ನೇನ್ ನೋಡ್ತೀಯೆ! ನಿನ್ ಸೊಸೆ ಬಸ್ರಿ ಕಣಕ್ಕ!" ಎಂದು ಜೊತೆಗಾತಿ ಮಾಯಮ್ಮ ಚಪ್ಪಾಳೆ ತಟ್ಟಿದಳು.

ಬೆಟ್ಟಮ್ಮನಿಗೆ ಅಳು ನಗು ಒಟ್ಟೊಟ್ಟಿಗೆ ಬಂತು. ತನ್ನ ತಲೆ ಮೇಲಿದ್ದ ಗೋಣಿಚೀಲದ ಕೊಪ್ಪೆ ತೆಗೆದು ಸೊಸೆಗೆ ಹೊದಿಸಿ, "ಸೀತ ಆಗ್ಬಾರ್ದು ಕಣವ್ವ" ಎಂದು ಮರದಡಿ ಮಲಗಿಸಿದಳು.

ಆ ಗೋಣಿಯೂ ಸೊಪ್ಪಿನ ನೀರಿನಲ್ಲೇ ನೆಂದಿತ್ತು. ಹೊಗೆಸೊಪ್ಪಿನ ಗಿಡವೇನು ಸಾಧುವೇ? ಹುಳುಹುಪ್ಪಟೆ ಮುಟ್ಟದಿರಲೆಂದು ಬೇರಿನಲ್ಲಿ ನಿಕೋಟಿನ್ ಎಂಬ ವಿಷ ತಯಾರಿಸಿ ಎಲೆಗೆ ಏರಿಸಿಕೊಳ್ಳುತ್ತದೆ. ನಾವೋ, ಎಲೆ ದಪ್ಪವಾಗಲೆಂದು ಹೂವಿನ ಕುಡಿ ಮುರಿಯುತ್ತೇವೆ; ಗಾಯಗೊಂಡ ಗಿಡ ಇನ್ನಷ್ಟು ವಿಷ ಮಾಡಿಕೊಳ್ಳುತ್ತದೆ. ಮಳೆ ಬಿದ್ದರೆ ಅದೇ ವಿಷ ನೀರಲ್ಲಿ ಕರಗಿ ಮುರಿಯುವವರ ಚರ್ಮದೊಳಕ್ಕೆ ಇಳಿಯುತ್ತದೆ.

ವಾಂತಿ ನಿಲ್ಲಲಿಲ್ಲ. ತುಟಿ ಬಿಳಿಚಿತು, ಹಣೆಯಲ್ಲಿ ತಣ್ಣನೆ ಬೆವರು. "ಅತ್ತೆ, ಕಣ್ಣು ಕತ್ಲೆ ಕಟ್ತಾವೆ" ಎಂದವಳಿಗೆ ಎಚ್ಚರ ತಪ್ಪಿತು. ಎದೆಯ ಮೇಲೆ ಕೈಯಿಟ್ಟರೆ ಬಡಿತ ಇದೆಯೋ ಇಲ್ಲವೋ ಎನ್ನುವ ಹಾಗಿತ್ತು. ಬೆಟ್ಟಮ್ಮ ಕೊಪ್ಪೆ ಸರಿಸಿದರೆ ಸೊಸೆಯ ತೋಳಿನ ತುಂಬ ಸೊಪ್ಪಿನ ಅಂಟು. ಅಯ್ಯೋ, ಹೊಸಬರಿಗೆ ಹಸಿ ಸೊಪ್ಪಿನ ನಂಜು ಹೀಗೆ ಏರುವುದನ್ನು ಎಷ್ಟು ಸಲ ಕಂಡಿದ್ದಳು! ಆಸೆ ಅವಳ ಕಣ್ಣು ಕಟ್ಟಿತ್ತು.

"ಸೀರೆ ಬಿಚ್ರೇ! ನೀರು ತನ್ರೇ, ಸೋಪು ತನ್ರೇ!"

"ಬಸ್ರಿ ಎಂಗ್ಸುಗೆ ತಣ್ಣೀರಾ? ಕೂಸು ಓಗ್ಬುಡ್ತದೆ!" ಎಂದು ಮಾಯಮ್ಮ ಅಡ್ಡ ಬಂದಳು.

"ಕೂಸೂ ಇಲ್ಲ, ಮಣ್ಣೂ ಇಲ್ಲ! ಬುಡು ಕೈಯ! ಇವ್ಳೇ ಓಯ್ತಾವ್ಳೆ!"

ಕೊಡಗಟ್ಟಲೆ ನೀರು ಸುರಿದು, ಮೈ ಉಜ್ಜಿ, ಒಣಬಟ್ಟೆ ಸುತ್ತಿ, ಸೊಪ್ಪು ಸಾಗಿಸುವ ಟ್ರ್ಯಾಕ್ಟರಿನಲ್ಲೇ ಆಸ್ಪತ್ರೆಗೆ ಒಯ್ದಳು. ಡಾಕ್ಟರು ಪರೀಕ್ಷಿಸಿ ಡ್ರಿಪ್ ಹಾಕಿದರು. ಸಂಜೆಗೆ ಶಾಂತಕುಮಾರಿ ಕಣ್ಣು ಬಿಟ್ಟಳು. ಸೋತ ಮುಖದಲ್ಲೂ ನಗುವಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಅತ್ತೆ, ಮಾಯಕ್ಕ ಅಂದಿದ್ದು ಕೇಳುಸ್ತು. ನಿಮ್ ಮಗ್ನಿಗೆ ಏಳಿ ಕಳ್ಸುದ್ರಾ?"

ಬೆಟ್ಟಮ್ಮ ಆ ಕೈಯನ್ನು ಹೊಟ್ಟೆಯ ಮೇಲಿಂದ ಮೆಲ್ಲಗೆ ಎತ್ತಿ ತನ್ನ ಕೈಯೊಳಗೆ ಇಟ್ಟುಕೊಂಡಳು.

"ಸೊಪ್ಪು ಕಣವ್ವ ಅದು," ಎಂದಳು. "ಬರೀ ಸೊಪ್ಪು."