ತಿಕೋಟಾದ ತಾಯಂದಿರ ಹೌದು, ಇಲ್ಲ

ತಿಕೋಟಾದ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ರೇಣುಕವ್ವ ಅಕ್ಕೋರು ಮೂರು ದಿನದಿಂದ ಕಣ್ಣಿಗೆ ಕಣ್ಣು ಹತ್ತಿಸಿರಲಿಲ್ಲ.

ಅದು 1964. ವಿಜಾಪುರದ ತರಬೇತಿ ಕಾಲೇಜಿನಲ್ಲಿ ಕೆಲಸ ಸಿಗಬೇಕಾದರೆ ಅವರ ಪ್ರಬಂಧ ಪಾಸಾಗಬೇಕು. ಪ್ರಬಂಧದ ಜೀವವೆಲ್ಲ ಚಿಂತೆ ಅಳೆಯುವ ಒಂದು ಪ್ರಶ್ನಾವಳಿಯಲ್ಲಿತ್ತು. ‘ನಿದ್ದೆ ಚೆನ್ನಾಗಿ ಹತ್ತುತ್ತದೆಯೇ?’ ಎಂಬಂಥ ಮೂವತ್ತು ಪ್ರಶ್ನೆ, ಉತ್ತರ ಹೌದು ಅಥವಾ ಇಲ್ಲ. ಇಪ್ಪತ್ತನಾಲ್ಕು ತಾಯಂದಿರನ್ನು ಶಾಲೆಗೆ ಕರೆಸಿ ಕೇಳಿ, ತಿಂಗಳು ಬಿಟ್ಟು ಅವರಿಗೇ ಮತ್ತೆ ಕೇಳಬೇಕು. ಎರಡು ಸಲದ ಅಂಕಗಳು ಹೊಂದಿದಷ್ಟೂ ಸಹಸಂಬಂಧ ಒಂದರ ಹತ್ತಿರ ಬರುತ್ತದೆ. 0.7ಕ್ಕಿಂತ ಕೆಳಗಿಳಿದರೆ ವರ್ಷದ ದುಡಿಮೆ ನೀರುಪಾಲು.

ಇಳಿಯಲಿಲ್ಲ. 0.99 ಬಂತು! ಅಕ್ಕೋರು ಹಿಗ್ಗಿ ಹೀರೇಕಾಯಿಯಾಗಿ ವಿಜಾಪುರದ ಬಸ್ಸು ಹತ್ತಿದರು. ಮಾರ್ಗದರ್ಶಕ ಶಿವಶರಣಪ್ಪನವರು ಮಾತ್ರ ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು.

“ಮನಷ್ಯಾರು ತಿಂಗಳತನ ಹಿಂಗ ಒಂದ ಥರಾ ಇರಂಗಿಲ್ರಿ. ಎರಡನೇ ಸಲದ್ದು ನೀವ ಮನ್ಯಾಗ ಕುಂತು ಬರದೀರೇನು? ಸೋಮವಾರ ಬಂದು ಕಾರಣ ಹೇಳ್ರಿ.”

ಕಳ್ಳಿ ಎಂದಂತಾಯಿತು. ಭಾನುವಾರ ಅಕ್ಕೋರು ಮೊದಲ ಹಾಳೆಯ ಸಕ್ರವ್ವನ ಮನೆಗೇ ಹೋದರು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮಗಳು ದುಂಡವ್ವ, ಬಬಲೇಶ್ವರಕ್ಕೆ ಮದುವೆ ಮಾಡಿ ಕೊಟ್ಟವಳು.

“ಇಪ್ಪತ್ತ ದಿನಾ ಆತ್ರಿ, ಈಕೀನ ಗಂಡ ಹೊರಗ ಹಾಕ್ಯಾನ,” ಎಂದಳು ಸಕ್ರವ್ವ. “ಅವತ್ತಿಂದ ನನಗ ನಿದ್ದಿ ಎಲ್ಲೀದ್ರಿ?”

“ಮತ್ತ ಹೋದ ವಾರ ಚಲೋ ನಿದ್ದಿ ಹತ್ತತೈತಿ ಅಂದ್ಯಲ್ಲ ಬೇ?”

“ಮದಲ ಹಂಗ ಹೇಳಿದ್ನೆಲ್ರಿ, ನೀವು ಬರಕೊಂಡಿದ್ರಿ. ಮಾತು ತಿರುವಿದ್ರ ನಿಮಗ ಕಾಲೇಜಿನ್ಯಾಗ ಬೈತಾರಂತ, ನಾವೆಲ್ಲಾರೂ ಬಾವಿ ಕಟ್ಟಿ ಮ್ಯಾಲ ಕುಂತು, ಯಾರ್ಯಾರು ಏನೇನ ಹೇಳಿದ್ವಿ ನೆನಪ ಮಾಡಕೊಂಡ ಬಂದೀವ್ರಿ.”

ಅಕ್ಕೋರು ಮನೆಯ ಕಟ್ಟೆಯ ಮೇಲೆ ಕುಳಿತರು. ಯಾರ ಮೇಲೆ ಸಿಟ್ಟು ಮಾಡುವುದು? ನಿಜ ಹೇಳಿದರೆ ಕಳ್ಳತನದ ಮಾತು ಹೋಗುತ್ತದೆ, ಜೊತೆಗೆ ಪ್ರಬಂಧವೂ ಹೋಗುತ್ತದೆ. ಚೀಲದಿಂದ ಹಾಳೆ ತೆಗೆದು 0.99ರ ಮೇಲೆ ಗೀಟು ಎಳೆದರು.

ಸಕ್ರವ್ವ ನೀರಿನ ತಂಬಿಗೆ ಮುಂದಿಟ್ಟು ಅವರ ಮುಖ ನೋಡಿದಳು.

“ಕಣ್ಣು ಕೆಂಪಾಗ್ಯಾವಲ್ರಿ ಅಕ್ಕೋರ. ನಿಮಗ ನಿದ್ದಿ ಹತ್ತತೈತೇನ್ರಿ?”

“ಚಲೋ ಹತ್ತತೈತಿ ಬೇ,” ಎಂದರು ಅಕ್ಕೋರು. ಮೊದಲ ದಿನ ಶಾಲೆಯಲ್ಲಿ, ಉತ್ತರ ಹೇಗೆ ಕೊಡಬೇಕೆಂದು ತೋರಿಸಲು, ಎಲ್ಲರೆದುರು ಆ ಪ್ರಶ್ನೆಗೆ ಅವರು ಹೇಳಿದ್ದೂ ಅದನ್ನೇ.