ಹಿಂದಿನ ಚಕ್ರದ ಸದ್ದು

ಮಧುಗಿರಿಯ ನಿವೃತ್ತ ಸರ್ವೆಯರ್ ಮುತ್ತುರಾಜ್ ಅವರ ಟೂರಿಂಗ್ ಸೈಕಲ್ ಹಜಾರದಲ್ಲಿ ನಿಲ್ಲುತ್ತದೆ, ಬಂದ ನೆಂಟರು ಜಗುಲಿಯಲ್ಲಿ ಕೂರುತ್ತಾರೆ. ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮೇಲೂ ಭಾನುವಾರ ಕೊಳಾಲಕ್ಕೋ ಮದಲೂರು ಕೆರೆಗೋ ಹೋಗದೆ ಬಿಡುವವರಲ್ಲ. ಮನೆಗೆ ವಾಪಸ್ ಬಂದವರೇ ಹೆಂಡತಿ ಗಂಗಾಂಬಿಕಾಳ ಹೇರ್‌ಪಿನ್ನಿನಿಂದ ಟೈರಿನ ಜಾಲಿಮುಳ್ಳು ಕೀಳುತ್ತಾರೆ. ಆಮೇಲೆ ಚೈನಿಗೆ ಎಣ್ಣೆ, ಅದಾದ ಮೇಲೆ ತಮಗೆ ನೀರು. "ನನ್ ಮಂಡಿಗೆ ಒಂದಿನಾನಾದ್ರೂ ಇಂಗೆ ಎಣ್ಣೆ ತಿಕ್ಕಿದ್ದೀರಾ?" ಎಂದು ಅವಳು ಕೇಳಿದರೆ, "ನಿನ್ ಮಂಡಿ ಸದ್ದು ಮಾಡಲ್ಲ ಕಣೆ, ನೀನ್ ಮಾಡ್ತೀಯ" ಎನ್ನುತ್ತಾರೆ. ಒಳ್ಳೆಯ ಸೈಕಲ್ಲಿಗೆ ಬಾಯಿ ಇರಬಾರದು ಎಂಬುದು ಅವರ ಮತ. ತುಳಿಯುವುದನ್ನು ನಿಲ್ಲಿಸಿದಾಗ ಹಿಂದಿನ ಚಕ್ರದಿಂದ ಬರುವ ಟಿಕಟಿಕವನ್ನೂ ಒಮ್ಮೆ ಗ್ರೀಸು ತುಂಬಿ ಅಡಗಿಸಿಬಿಟ್ಟರು. ಆ ಭಾನುವಾರ ಸದ್ದಿಲ್ಲದೆ ಮನೆ ಹತ್ತಿರದ ತಿರುವು ದಾಟಿ ಬಂದರೆ, ಗಂಗಾಂಬಿಕಾ ಮುದ್ದೆಯ ಕೋಲು ಹಿಡಿದೇ ಬೀದಿಯಲ್ಲಿ ನಿಂತಿದ್ದಳು. ಗಂಡ ಕ್ಷೇಮವಾಗಿ ಬಂದನೆಂದು ವಾರವಾರವೂ ಅವಳಿಗೆ ತಿಳಿಸುತ್ತಿದ್ದದ್ದು ಆ ಟಿಕಟಿಕವೇ. "ಬಂದ್ಬುಟ್ರಾ? ಕೇಳಿಸ್ಲೇ ಇಲ್ಲ" ಎಂದಳು, ಅಷ್ಟೇ. ಮುತ್ತುರಾಜ್ ಅವತ್ತೇ ಗ್ರೀಸನ್ನೆಲ್ಲ ಪೆಟ್ರೋಲಿನಲ್ಲಿ ತೊಳೆದರು. ಈಗ ತಿರುವು ಬಂತೆಂದರೆ ಬೇಕೆಂದೇ ತುಳಿಯುವುದನ್ನು ಬಿಡುತ್ತಾರೆ. ಟಿಕಟಿಕ ಕಿವಿಗೆ ಬಿದ್ದೊಡನೆ ಗಂಗಾಂಬಿಕಾ, "ಬಂತು ಸವಾರಿ" ಎಂದು ಗೊಣಗಿ, ಕುದಿಯುವ ಎಸರಿಗೆ ಹಿಟ್ಟು ಸುರಿಯುತ್ತಾಳೆ.